ಇಬ್ಬರು ದೊರೆಗಳ ಈಸ್ಟರ್

ಆ ವರ್ಷ ದೊರೆ ಪ್ರೊಕೋಪಿಯೋಸನ ಪಾಲಿಗೆ ಲೋಕವೆಲ್ಲ ಹಾಲಿನಲ್ಲಿ ಮುಳುಗಿತ್ತು. ಕಿಟಕಿಯಾಚೆ ಸಮುದ್ರವಿದ್ದ ಕಡೆ ಬರೀ ಬೆಳಕು, ದೋಣಿಗಳಿದ್ದ ಕಡೆ ಒಂದಿಷ್ಟು ನೆರಳು. ಮುದುಕನಿಗೆ ಅದು ಒಂದೊಂದು ಸಲ ಹಿತವಾಗಿಯೇ ಇರುತ್ತಿತ್ತು, ಸುಳ್ಳೇಕೆ. ಎಚ್ಚರವೋ ಕನಸೋ ತಿಳಿಯದೆ ಗಂಟೆಗಟ್ಟಲೆ ಕೂತಿರುತ್ತಿದ್ದ. ಆದರೆ ಮಗಳು ಮೆಲಾನಿಯಳನ್ನು ಬಿಟ್ಟರೆ ಕಣ್ಣು ಮಂಜಾದ ಈ ಸಂಗತಿ ಯಾರಿಗೂ ಗೊತ್ತಾಗುವಂತಿರಲಿಲ್ಲ. ಕಣ್ಣಿಲ್ಲದವನು ಪಟ್ಟದಲ್ಲಿ ಕೂರಬಾರದು ಎನ್ನುವುದು ಆ ಗ್ರೀಕ್ ನಾಡಿನ ಕಟ್ಟಳೆ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಪಟ್ಟದಲ್ಲಿದ್ದ ಸ್ವಂತ ಅಣ್ಣ ಕ್ರಿಸಾಂಥೋಸನ ಕಣ್ಣು ಕೀಳಿಸಿ, ಮಠಕ್ಕೆ ಅಟ್ಟಿ, ಅದೇ ಕಟ್ಟಳೆಯ ಹೆಸರಿನಲ್ಲಿ ಮೇಲೇರಿ ಕೂತವನು ಅವನು.

ಮೆಲಾನಿಯ ಅವನ ಬೆನ್ನ ಹಿಂದೆ ನಿಂತು, ಬಂದವರ ಹೆಸರನ್ನು ಪಿಸುಗುಟ್ಟುತ್ತಿದ್ದಳು. ಹೇಗೋ ದರ್ಬಾರು ನಡೆಯುತ್ತಿತ್ತು. ಈಸ್ಟರ್ ಹಬ್ಬದ ಹಿಂದಿನ ದಿನ ಅವಳಿಗೂ ಸಾಕಾಗಿಹೋಯಿತು.

"ಅಪ್ಪ, ಇನ್ನು ಬಿಟ್ಬಿಡಿ. ಮಠದಲ್ಲಿ ದೊಡ್ಡಪ್ಪ ಇದಾರೆ. ಹೋಗಿ ಅವರ ಕಾಲು ಹಿಡ್ಕೊಳ್ಳಿ. ನೆಮ್ಮದಿಯಾಗಿ ಇರ್ಬಹುದು."

"ನಿನ್ನ ಗಂಡ ಹೇಳಿಕೊಟ್ನಾ? ಪಟ್ಟ ಬೇಕಂತಾ ಅವನಿಗೆ?"

"ನಿಮಗೆ ಕಣ್ಣಷ್ಟೇ ಹೋಗಿದೆ ಅಂದ್ಕೊಂಡಿದ್ದೆ."

"ಹೊರಟ್ಹೋಗು. ಮತ್ತೆ ಈ ಬಾಗಿಲು ತುಳೀಬೇಡ."

ಹೋದಳು. ಉಳಿದಿದ್ದ ಒಂದು ಆಸರೆಯನ್ನೂ ಮುದುಕ ಕೈಯಾರೆ ಕಳೆದುಕೊಂಡ. ಸಿಟ್ಟಿನಲ್ಲಿದ್ದವನಿಗೆ ಅದು ಹೊಳೆಯಬೇಕಲ್ಲ.

ಹಬ್ಬದ ಬೆಳಿಗ್ಗೆ ಊರಿನ ಹಿರಿಯರೆಲ್ಲ ಸಾಲಾಗಿ ಬರುವುದು ರೂಢಿ. ದೊರೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬೇಕು. ಬಂದವರು "ಕ್ರಿಸ್ತ ಎದ್ದ" ಎನ್ನುತ್ತ ತಮ್ಮ ಕೈಯ ಕೆಂಪು ಮೊಟ್ಟೆಯನ್ನು ಅವನ ಮೊಟ್ಟೆಗೆ ತಾಗಿಸಬೇಕು. ಮೊಟ್ಟೆ ಹಿಡಿದು ಅಲ್ಲಾಡದೆ ಕೂತರಾಯಿತು, ತಾಗಿಸುವ ಕೆಲಸ ಅವರದು. ಹೆಸರು ಹೇಳಲು ಮೂಗಿದೆ, ವಾಸನೆ ಸಾಕು.

"ಬಾರಯ್ಯ ವರ್ದಾಸ್. ಕುದುರೆ ಲಾಯದಲ್ಲೇ ಮಲಗಿದ್ಯೇನು?" ಸೇನಾಪತಿ ನಾಚಿಕೊಂಡ. ಸುತ್ತಲಿದ್ದವರು ನಕ್ಕರು. ಪನ್ನೀರು ಘಮ್ಮೆಂದಿತು. ಇನ್ಯಾರು, ಖಜಾಂಚಿಯೇ. ಮುದುಕ ಒಳಗೊಳಗೇ ಬೀಗಿದ. ಮಗಳಿಲ್ಲದಿದ್ದರೆ ಪಟ್ಟವೇನು ಓಡಿಹೋಗುತ್ತದೆಯೇ?

ಆಮೇಲೆ ಮೇಣದ, ಧೂಪದ ವಾಸನೆ ಬಂತು. ಸಭೆ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಮೊಟ್ಟೆಗೆ ಏನೂ ತಾಗಲಿಲ್ಲ. ಹಾಲಿನಂಥ ಬೆಳಕಿನಲ್ಲಿ ಎತ್ತರದ ಒಂದು ನೆರಳು ತೂಗಾಡುತ್ತಿತ್ತು. ಅದರ ಹಿಂದೆ ಎಲ್ಲಿಂದಲೋ ಸಮುದ್ರ ಬಂತು, ಬಂಡೆ ಬಂತು, ಬಂಡೆಯ ಮೇಲೆ ಒದ್ದೆ ಕೂದಲಿನ ಹುಡುಗನೊಬ್ಬ ನಿಂತು, ಹೆದರಬೇಡ, ಧುಮುಕು ಎಂದು ಕೈ ಚಾಚಿದ.

"ಕ್ರಿಸ್ತ ಎದ್ದ, ಪ್ರೊಕೋಪಿ."

ಹಾಗೆ ಹೆಸರು ಮೊಟಕು ಮಾಡಿ ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ.

"ನಿನ್ನ ಮಗಳು ಮಠಕ್ಕೆ ಬಂದು ಅತ್ಲು," ಎಂದ ಕ್ರಿಸಾಂಥೋಸ್. "ನಾನೇ ಕರ್ಕೊಂಡ್ ಹೋಗು ಅಂದೆ. ಹಬ್ಬದ ದಿನ ಹಗೆ ಯಾಕೆ? ಮೊಟ್ಟೆ ಮುಂದೆ ಚಾಚು, ತಾಗಿಸೋಣ."

ಈ ಕುರುಡನನ್ನು ಹೊರಗೆ ಹಾಕಿ ಎಂದಿದ್ದರೆ ಸಾಕಿತ್ತು. ಪಟ್ಟ ಉಳಿಯುತ್ತಿತ್ತು. ಮುದುಕನಿಗೆ ಅದೂ ಗೊತ್ತಿತ್ತು. ಆದರೂ ಅವನ ಕೈ ಮುಂದೆ ಹೋಯಿತು.

ಅಣ್ಣನ ಕೈ ಒಂದು ಕಡೆ ತಡಕಿತು, ತಮ್ಮನದು ಇನ್ನೊಂದು ಕಡೆ. ಎರಡು ಕೆಂಪು ಮೊಟ್ಟೆಗಳು ಒಂದನ್ನೊಂದು ದಾಟಿ ಗಾಳಿಯಲ್ಲಿ ಹುಡುಕಾಡಿದವು. ಮತ್ತೆ ಚಾಚಿದರು, ಮತ್ತೆ ತಪ್ಪಿತು. ಸಭೆಯೆಲ್ಲ ನೋಡುತ್ತಿತ್ತು.

"ದೊರೆಗೂ ಕಾಣ್ಸಲ್ಲ," ಎಂದ ವರ್ದಾಸ್, ಮೆಲ್ಲಗೆ.

ದೊರೆಯ ಮೊಟ್ಟೆ ಕೈಜಾರಿ ಒಡೆಯಿತು. ಯಾರೂ ಕತ್ತಿ ಹಿರಿಯಲಿಲ್ಲ, ಕೂಗಾಡಲಿಲ್ಲ. ಕಟ್ಟಳೆ ಎಲ್ಲರಿಗೂ ಬಾಯಿಪಾಠ. ಪ್ರೊಕೋಪಿಯೋಸ್ ತಾನೇ ಬಗ್ಗಿ ಪಟ್ಟದ ಗುರುತಾದ ಕೆಂಪು ಪಾದರಕ್ಷೆಗಳನ್ನು ಬಿಚ್ಚಿಟ್ಟ. ಕಲ್ಲಿನ ನೆಲ ತಣ್ಣಗಿತ್ತು.

ಯಾರೋ ಅವನ ತೋಳು ಹಿಡಿದರು. "ಮೆಟ್ಟಿಲಿದೆ, ಅಪ್ಪ. ನೋಡ್ಕೊಂಡು," ಎಂದಳು ಮೆಲಾನಿಯ. ಕ್ಷಮಿಸು ಎನ್ನಲು ಹೋದ. ಅವಳು ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಮಠದ ದಾರಿಯಲ್ಲಿ ಅಣ್ಣ ಅವನ ಮಗ್ಗುಲಲ್ಲೇ ನಡೆಯುತ್ತಿದ್ದ. ಪ್ರೊಕೋಪಿಯೋಸ್ ಕೇಳಿದ: "ಪೂರ್ತಿ ಹೋದ್ಮೇಲೆ, ಬೆಳಗಾಯ್ತು ಅಂತ ಹೇಗಣ್ಣ ಗೊತ್ತಾಗುತ್ತೆ?"

"ಮೊದಮೊದಲು ಗೊತ್ತಾಗಲ್ಲ. ಯಾರಾದ್ರೂ ಹೇಳ್ಬೇಕು."

"ನಿಂಗೆ ಯಾರು ಹೇಳ್ತಿದ್ರು?"

"ಯಾರೂ ಇರ್ಲಿಲ್ಲ," ಎಂದ ಅಣ್ಣ. "ನಿಂಗೆ ನಾನು ಹೇಳ್ತೀನಿ."