ಮಕ್ಕಳ ಕೋಣೆಯ ಗಾಳಿ

ಹೆರಿಗೆ ರಜೆ ಮುಗಿಸಿ ಸಿಂಧು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ಮತ್ತೆ ಬರತೊಡಗಿದಾಗ ಮಗಳಿಗೆ ಇನ್ನೂ ಸರಿಯಾಗಿ ಕೂರಲು ಬರುತ್ತಿರಲಿಲ್ಲ. ಸಾಸಲಿನಿಂದ ಫ್ಯಾಕ್ಟರಿ ಬಸ್ಸಿನಲ್ಲಿ ಇಬ್ಬರೂ ಕಿವಿಗೆ ಹತ್ತಿ ಇಟ್ಟುಕೊಂಡೇ ಬರುತ್ತಿದ್ದರು. ಅತ್ತೆ ವರಲಕ್ಷ್ಮಮ್ಮ ದಿನಾ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದರು: "ಮಗೀಗೆ ಗಾಳಿ ಸೋಕಿಸ್ಬೇಡ ಕಣವ್ವ."

ಫ್ಯಾಕ್ಟರಿಯ ಮಕ್ಕಳ ಕೋಣೆಯಲ್ಲಿ, ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳುವ ಬ್ಲೋವರ್‌ನ ಜಾಲರಿ ತೊಟ್ಟಿಲ ನೇರಕ್ಕೇ ಇತ್ತು. ಮೊದಲ ದಿನವೇ ಸಿಂಧು ಸ್ಟೂಲ್ ಹತ್ತಿ, ಬಾಣಂತನದ ಹಳೇ ಸೀರೆಯನ್ನು ಅದರ ಸಂದಿಗಳಿಗೆ ಒತ್ತಿ ಒತ್ತಿ ತುರುಕಿದಳು. ಆಯಾ ಶಂಶುನ್ನೀಸಾ ಸ್ಟೂಲ್ ಹಿಡಿದುಕೊಂಡು, "ನನ್ನ ಸೊಸೆ ಬಾಣಂತನದಲ್ಲಿ ನಾನೂ ಕಿಟಕಿಗೆಲ್ಲ ಹಿಂಗೇ ಮಾಡಿದ್ದೆ" ಎಂದರು. ಇದನ್ನು ಯಾರಿಗಾದರೂ ಹೇಳಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

ಒಂದು ಮಧ್ಯಾಹ್ನ ಊಟವಾದ ಮೇಲೆ ಇಸ್ತ್ರಿ ಮೇಜೊಂದರ ಹಾಸು ಹೊತ್ತಿಕೊಂಡಿತು. ಬೆಂಕಿ ದೊಡ್ಡದಲ್ಲ. ಇಸ್ತ್ರಿ ಮಾಡುವ ಮುನಿರಾಜ್ ಬೆಂಕಿ ಆರಿಸುವ ಸಿಲಿಂಡರ್ ತಂದು ಪುಡಿ ಹೊಡೆದ. ಆದರೆ ಒಳಗಿನ ಸ್ಪಂಜು ಹೊಗೆಯುತ್ತಲೇ ಇತ್ತು. ಆ ಹೊಗೆ ಮಕ್ಕಳ ಕೋಣೆಯ ಕಡೆಯ ಓಣಿಗೆ ತುಂಬಿಕೊಂಡಿತು. ಹೆಂಗಸರೆಲ್ಲ ಮೆಟ್ಟಿಲಿಳಿಯುವಾಗ ಸಿಂಧು ಒಬ್ಬಳೇ ಓಣಿಯತ್ತ ಓಡಿದಳು. ಸೂಪರ್‌ವೈಸರ್ ಜ್ಯೋತಿಲಕ್ಷ್ಮಿ ಅವಳ ಮುಂಗೈ ಹಿಡಿದರು.

"ಬಿಡಿ ಅಕ್ಕ, ಮಗು ಒಳಗೈತೆ."

"ನೀನು ಬಾಗ್ಲು ತೆಗೆದ್ರೆ ನಿನ್ನ ಜೊತೆ ಹೊಗೇನೂ ಒಳಕ್ಕೆ ಹೋಗುತ್ತೆ. ಇಲ್ಲಿ ಎಕ್ಸಾಸ್ಟ್ ಫ್ಯಾನು ಹೊಗೆ ಹೊರಕ್ಕೆ ಎಳೀತಿದೆ. ಅಲ್ಲಿ ಬ್ಲೋವರ್ ಗಾಳಿ ತುಂಬ್ತಾ ಇರುತ್ತೆ, ಹೊಗೆ ಒಳಕ್ಕೆ ನುಗ್ಗಕ್ಕಾಗಲ್ಲ. ಡ್ರಿಲ್‌ನಲ್ಲಿ ಹೇಳಿದ್ರಲ್ಲ."

ಡ್ರಿಲ್ ದಿನ ಸಿಂಧು ಬಾಣಂತಿ ಕೋಣೆಯಲ್ಲಿದ್ದಳು.

"ಆ ಗಾಳಿ ಬರಲ್ಲ ಅಕ್ಕ. ನಾನೇ ಸೀರೆ ತುರುಕಿದೀನಿ."

ಜ್ಯೋತಿಲಕ್ಷ್ಮಿ ಬೈಯಲಿಲ್ಲ. ಆಯಾಗೆ ಫೋನ್ ಹಚ್ಚಿ ಅವಳ ಕೈಗಿಟ್ಟರು.

"ಶಂಶುನಕ್ಕ, ಆ ಸೀರೆ ಕಿತ್ತಾಕಿ. ಈಗ್ಲೇ."

ಅತ್ತ ಕೆಮ್ಮು. "ಬಾಗಿಲ ಅಡಿಯಿಂದ ಹೊಗೆ ಬರ್ತಿದೆ, ಬೇಟಿ. ಹತ್ತೋದು ಹತ್ತಬೌದು, ಸ್ಟೂಲ್ ಯಾರು ಹಿಡ್ಕೊಳ್ತಾರೆ?"

"ಗೋಡೆ ಹಿಡ್ಕೊಂಡು ಹತ್ತಿ."

ಸ್ಟೂಲ್ ಎಳೆದ ಸದ್ದು. ಒಂದು ಮಗು ಅತ್ತಿತು. ತನ್ನದೇ. ಎದೆಹಾಲು ಒಸರಿ ಸಿಂಧುವಿನ ರವಿಕೆ ಒದ್ದೆಯಾಯಿತು. ಮಗುವಿಗೆ ಕೇಡಾಗಬಾರದೆಂದು ತಾನು ಎಷ್ಟು ಗಟ್ಟಿಯಾಗಿ ತುರುಕಿದ್ದೆ ಎಂಬುದು ಅವಳ ಬೆರಳುಗಳಿಗೆ ಮಾತ್ರ ಗೊತ್ತಿತ್ತು. ಬಟ್ಟೆ ಹರಿದ ಸದ್ದು ಕೇಳಿತು. ಅದರ ಹಿಂದೆಯೇ ಫೋನಿನೊಳಗೆ ಗಾಳಿ ಭೋರ್ಗರೆಯಿತು, ಬೇರೇನೂ ಕೇಳದಷ್ಟು.

ಬಾಗಿಲ ಅಡಿಯಲ್ಲಿ ಒಳಕ್ಕೆ ತೆವಳುತ್ತಿದ್ದ ಹೊಗೆ ನಿಂತಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿದು ಫ್ಯಾನಿನ ಕಡೆ ಹೊರಟಿತು.

ಓಣಿ ತಿಳಿಯಾದ ಮೇಲೆ ಜ್ಯೋತಿಲಕ್ಷ್ಮಿ ಕೈ ಬಿಟ್ಟರು. ಸಿಂಧು ಬಾಗಿಲು ತೆರೆದಾಗ ಗಾಳಿ ಮುಖಕ್ಕೆ ಬಡಿಯಿತು. ಮಗಳು ಅಳು ನಿಲ್ಲಿಸಿ ಜಾಲರಿಯನ್ನೇ ನೋಡುತ್ತಿದ್ದಳು. ತಲೆಯ ಎಳೆಗೂದಲು ಎದ್ದು ಹಾರಾಡುತ್ತಿತ್ತು.

"ನೋಡು, ನಿನ್ನ ಮಗಳಿಗೆ ಹಿಡಿಸಿದೆ" ಎಂದರು ಶಂಶುನ್ನೀಸಾ, ಮಂಡಿ ನೀವಿಕೊಳ್ಳುತ್ತ. "ನನಗೇ ಹಿಡಿಸಲಿಲ್ಲ."

ಸಿಂಧು ತೊಟ್ಟಿಲನ್ನು ಜಾಲರಿಯ ನೇರದಿಂದ ಪಕ್ಕಕ್ಕೆ ಎಳೆದಿಟ್ಟಳು. ಮೊದಲೇ ಇಷ್ಟು ಮಾಡಿದ್ದರೆ ಸಾಕಿತ್ತು. ಹರಿದ ಸೀರೆಯನ್ನು ಚೀಲಕ್ಕೆ ಹಾಕಿಕೊಂಡಳು.

ಸಂಜೆ ಅತ್ತೆ ಮಗುವನ್ನು ಎತ್ತಿಕೊಂಡು, ನೆತ್ತಿ ಮೂಸಿ ಕೇಳಿದರು. "ಗಾಳಿ ಸೋಕಿಸ್ಲಿಲ್ಲ ತಾನೆ?"

"ಸೋಕ್ತು ಅತ್ತೆ" ಎಂದಳು ಸಿಂಧು. ಹೊಗೆ ವಾಸನೆಯ ಸೀರೆಯನ್ನು ಬಕೆಟ್ಟಿನಲ್ಲಿ ಅದ್ದಿ, ಅತ್ತೆಯ ಎದುರಿಗೇ ಕೂತು ನಡೆದದ್ದನ್ನೆಲ್ಲ ಹೇಳತೊಡಗಿದಳು.