ಕಲ್ಯಾಣದುರ್ಗದಲ್ಲಿ ಸಾಕು ಅಂದಿದ್ದು

ಒಂದೇ ಒಂದು ಮಾತು ಬದಲಾಯಿಸು ಎಂದು ಓಬುಳೇಶ್ ಹೇಳಿದಾಗಲೇ ನನಗೆ ತಲೆ ಕೆಟ್ಟಿತು. ಹಿಂದೂಪುರದಲ್ಲಿ ನಾವು ಆಡುತ್ತಿದ್ದ ಬೀದಿನಾಟಕದಲ್ಲಿ ನನಗಿದ್ದ ದೊಡ್ಡ ಮಾತೇ ಅದು. ಕೊನೆಯಲ್ಲಿ ಕೈಯಲ್ಲಿದ್ದ ಕತ್ತರಿಯನ್ನು ನೆಲಕ್ಕೆ ಎಸೆದು 'ಸಾಕು!' ಎನ್ನಬೇಕು. ಅದನ್ನೂ ಕಿತ್ತುಕೊಳ್ಳುತ್ತಾನಂತೆ ಈ ಮಹಾನುಭಾವ.

"ರಾಮಾಂಜಿನಕ್ಕಾ, ಕಲ್ಯಾಣದುರ್ಗದ ಯೂನಿಟ್ಟಲ್ಲಿರೋರೆಲ್ಲ ತೆಲುಗೋರು. ಅಲ್ಲಿ ಪೂರ್ತಿ ತೆಲುಗಲ್ಲೇ ಆಡಾಣ. 'ಸಾಕು' ಬ್ಯಾಡ, 'ಚಾಲು' ಅನ್ನು," ಎಂದ.

"ಲೋ, ಚಾಲು ಅಂದ್ರೆ ನಮ್ಮ ಸೂಪರ್‌ವೈಸರ್ ಬೆಳಿಗ್ಗೆ ಬೆಳಿಗ್ಗೆ ಮಿಷನ್ ಆನ್ ಮಾಡ್ಸಕ್ಕೆ ಕೂಗೋ ಮಾತು ಕಣ್ಲಾ! 'ಚಾಲು, ಚಾಲು' ಅಂತ ತಲೆ ಚಿಟ್ಟು ಹಿಡಿಸ್ತಾನೆ. ಕೆಲ್ಸ ನಿಲ್ಸಕ್ಕೂ ನಾನು ಅದ್ನೇ ಕೂಗ್ಲಾ?"

"ತೆಲುಗಲ್ಲಿ ಚಾಲು ಅಂದ್ರೇನೇ ಸಾಕು ಅಂತ ಅಕ್ಕಾ. ನಿಂಗೆ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹುಟ್ಟಿದಾಗಿನಿಂದ ಇದೇ ಬಾಳು. ಆದರೆ ಸಿಟ್ಟು ಬಂದಾಗ ಬಾಯಿಗೆ ಬರುವುದು ಮನೆಯ ಮಾತೇ. ಅದನ್ನು ಓಬುಳೇಶನಿಗೆ ಯಾರು ತಿಳಿಸಬೇಕು? ಅವನು ಯೂನಿಯನ್ನಿನವನು, ನಾಟಕ ಬರೆದವನೂ ಅವನೇ, ಹಾಗಾಗಿ ನಮಗೆಲ್ಲ ಮೇಷ್ಟ್ರೂ ಅವನೇ.

ಬರೀ ನಾಟಕವಾಗಿದ್ದರೆ ಹೋಗತ್ಲಾಗೆ ಎಂದು ಮನೆಗೆ ಹೋಗಿಬಿಡುತ್ತಿದ್ದೆ. ಆದರೆ ಬನಶ್ರೀ ಇದ್ದಳಲ್ಲ. ಗಾರ್ಮೆಂಟ್ಸಿನಲ್ಲಿ ನನ್ನ ಪಕ್ಕದ ಮಿಷನ್ನಿನ ಹುಡುಗಿ, ತುಂಬು ಬಸುರಿ. ನಮ್ಮಲ್ಲಿ ಬಾತ್‌ರೂಮಿಗೆ ಹೋಗಬೇಕಾದರೂ ಸೂಪರ್‌ವೈಸರ್ ಹತ್ತಿರ ಟೋಕನ್ ಇಸಿದುಕೊಳ್ಳಬೇಕು. ಅವಳು ತಡೆಯಲಾರದೆ ಟೋಕನ್ ಇಲ್ಲದೆಯೇ ಎದ್ದು ಹೋದಳು. ವಾಪಸ್ ಬರುವಷ್ಟರಲ್ಲಿ ಅವಳ ಜಾಗದಲ್ಲಿ ಬೇರೆಯವಳನ್ನು ಕೂರಿಸಿ, ಇವಳನ್ನು ಗೇಟಿನಾಚೆ ಕಳಿಸಿಬಿಟ್ಟರು. ಅವಳನ್ನು ಒಳಗೆ ಕರೆದುಕೊಳ್ಳುವವರೆಗೂ ಹೊಲಿಯುವುದಿಲ್ಲ ಎಂದು ನಾವೂ ಹೊರಗೆ ಬಂದು ಕುಳಿತೆವು. ಕಂಪನಿಯವರು ಸುಮ್ಮನಿರುತ್ತಾರಾ? ಕತ್ತರಿಸಿಟ್ಟಿದ್ದ ಬಟ್ಟೆಯ ಬಂಡಲ್‌ಗಳನ್ನು ಲಾರಿಗೆ ತುಂಬಿ, ಕಲ್ಯಾಣದುರ್ಗದ ಇನ್ನೊಂದು ಯೂನಿಟ್ಟಿಗೆ ಕಳಿಸಲು ನಿಂತರು. ಅಲ್ಲಿಯವರು ಅದನ್ನು ಹೊಲಿದುಕೊಟ್ಟರೆ ನಮ್ಮ ಕಥೆ ಮುಗಿಯಿತು, ಬನಶ್ರೀ ಕೆಲಸ ಹೋದಂತೆಯೇ. ಹೊಲಿಯಬೇಡಿರಮ್ಮ ಎಂದು ಕೇಳಿಕೊಳ್ಳಲೆಂದೇ ನಾವು ನಾಟಕ ಕಟ್ಟಿಕೊಂಡು ಹೊರಟಿದ್ದು.

ಟೆಂಪೋದಲ್ಲಿ ರೊದ್ದಂ ದಾಟಿ ಕಂಬದೂರು ಬರುವವರೆಗೂ ಓಬುಳೇಶ್ ನನ್ನ ಬಾಯಲ್ಲಿ 'ಚಾಲು' ಹೇಳಿಸಿದ್ದೇ ಹೇಳಿಸಿದ್ದು. ಮ್ಯಾನೇಜರ್ ಪಾತ್ರದ ಸಾಯಿಕುಮಾರ್ ಬೇರೆ, ಎಲ್ಲಿಂದಲೋ ತಂದ ಟೈ ಕಟ್ಟಿಕೊಂಡು, "ಅಕ್ಕಂಗೆ ಟೇಪ್ ಸಿಕ್ಕಾಕ್ಕೊಂಡೈತೆ," ಎಂದು ಹಲ್ಲು ಕಿರಿದ.

"ಮುಚ್ಕೊಂಡು ಕೂತ್ಕೊಳ್ಳಲೇ!" ಎಂದೆ.

ಕಲ್ಯಾಣದುರ್ಗದಲ್ಲಿ ಸಂಜೆ ಶಿಫ್ಟ್ ಬಿಟ್ಟಿತ್ತು. ಬಸ್ಸಿಗೆ ಕಾಯುತ್ತಿದ್ದ ಹೆಂಗಸರ ಮುಂದೆ ತಮಟೆ ಬಡಿದು ಶುರು ಮಾಡಿದೆವು. ಯಾರೂ ಸರಿಯಾಗಿ ನೋಡಲೇ ಇಲ್ಲ. ಒಬ್ಬಳು ಫೋನ್ ನೋಡುತ್ತಾಳೆ, ಇನ್ನೊಬ್ಬಳು ಹೂವಿನವಳ ಹತ್ತಿರ ಚೌಕಾಸಿ ಮಾಡುತ್ತಾಳೆ. ನಾನು ಬಸುರಿಯ ಪಾತ್ರದಲ್ಲಿ ಬಾತ್‌ರೂಮಿಗೆ ಬಿಡಿ ಎಂದು ಬೇಡುತ್ತಿದ್ದೇನೆ, ಸಾಯಿಕುಮಾರ್ ತೆಲುಗಿನಲ್ಲಿ ಒಂದೊಂದೇ ಕಾರಣ ಹೇಳುತ್ತಿದ್ದಾನೆ. ಟೋಕನ್ ಇಲ್ಲ. ಟಾರ್ಗೆಟ್ ಆಗಿಲ್ಲ. ಆಡಿಟ್ ಇದೆ. ಪಾಪಿ, ಥೇಟ್ ನಮ್ಮ ಮ್ಯಾನೇಜರ್ ಧಾಟಿಯಲ್ಲೇ ಎಳೆದೆಳೆದು ಹೇಳಿದ. ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟುಕೊಂಡು ಗೇಟಿನ ಹೊರಗೆ ನಿಂತಿದ್ದ ಬನಶ್ರೀ ಕಣ್ಣ ಮುಂದೆ ಬಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಾಟಕ ಇನ್ನೂ ಅರ್ಧದಲ್ಲಿದೆ ಎನ್ನುವುದನ್ನೂ ಮರೆತು ಕತ್ತರಿ ಎಸೆದೆ.

"ಸಾಕು!"

ಓಬುಳೇಶ್ ತಮಟೆ ಬಿಟ್ಟು ಹಣೆ ಬಡಿದುಕೊಂಡ. ಫೋನ್ ನೋಡುತ್ತಿದ್ದವಳು ತಲೆ ಎತ್ತಿದಳು. ಟಿಫನ್ ಬ್ಯಾಗ್ ಹಿಡಿದಿದ್ದ ಒಬ್ಬ ಹೆಂಗಸು, ಹೆಸರು ಕೊಂಡಮ್ಮ ಎಂದು ಆಮೇಲೆ ತಿಳಿಯಿತು, ಮುಂದೆ ಬಂದು ಕೂಗಿದಳು.

"ಅವ್ನಕ್ಕಾ! ಅನ್ನೀ ಸಾಕುಲೇ!"

ಹೌದಕ್ಕಾ, ಎಲ್ಲಾ ಬರೀ ನೆಪಗಳೇ ಎಂದಳು. ಆಗ ನನಗೆ ಹೊಳೆಯಿತು. ತೆಲುಗಿನಲ್ಲಿ ಸಾಕು ಅಂದರೆ ನೆಪ! ನಾನು ನಿಲ್ಲಿಸೋ ಅಂದಿದ್ದೆ, ಅವರಿಗೆ ಮ್ಯಾನೇಜರ್ ನೆಪ ಹೇಳುತ್ತಿದ್ದಾನೆ ಎಂದು ಕೇಳಿಸಿತ್ತು.

ಸಾಯಿಕುಮಾರ್ ಗಲಿಬಿಲಿಯಾಗಿ ಮುಂದಿನ ಕಾರಣ ಹೇಳಿದ. ಜನ "ಸಾಕು!" ಎಂದು ಕೂಗಿದರು. ಇನ್ನೊಂದು ಹೇಳಿದ. "ಸಾಕು!" ಕಾರಣಗಳೆಲ್ಲ ಮುಗಿದು, ಬೆವರು ಒರೆಸಿಕೊಳ್ಳುತ್ತ, "ನಾಕು ಒಂಟ್ಲೊ ಬಾಗಲೇದಮ್ಮಾ," ನನಗೆ ಮೈಗೆ ಹುಷಾರಿಲ್ಲ ಎಂದುಬಿಟ್ಟ. ಅದಕ್ಕೂ "ಸಾಕು!" ಬ್ರಹ್ಮಸಮುದ್ರದ ಬಸ್ಸು ಹಾರನ್ ಹೊಡೆದು ಹೊಡೆದು ಖಾಲಿ ಹೋಯಿತು.

ಟೆಂಪೋ ಹತ್ತಿದ ಮೇಲೆ ಓಬುಳೇಶನ ಪುರಾಣ ಶುರುವಾಯಿತು. "ಒಂದೇ ಮಾತು ಕಣಕ್ಕಾ! ಒಂದು ಮಾತು ಹೇಳಕ್ಕಾಗ್ಲಿಲ್ವಲ್ಲ ನಿಂಗೆ! ಕೊನೇ ಹಾಡು ಇಲ್ಲ, ಭಾಷಣ ಇಲ್ಲ. ಎಲ್ಲಾನೂ ಕಾಮಿಡಿ ಮಾಡ್ಬುಟ್ಟೆ!"

"ನೀನೇ ಬಸುರಿ ವೇಸ ಹಾಕ್ಕೊಂಡು ಆಡ್ಬೇಕಾಗಿತ್ತು!" ಎಂದೆ. ಬಾಯಿ ಜೋರು ಮಾಡಿದೆನೇ ಹೊರತು ಒಳಗೊಳಗೇ ಹೆದರಿಕೆಯಾಗಿತ್ತು. ನಕ್ಕು ಹೋದವರು ಬೆಳಿಗ್ಗೆ ಬಂಡಲ್ ಬಿಚ್ಚುವುದಿಲ್ಲ ಎಂದು ಏನು ಗ್ಯಾರಂಟಿ? ಬನಶ್ರೀ ಫೋನ್ ಮಾಡಿದಳು. ಏನು ಹೇಳಲಿ ಎಂದು ತೋಚದೆ ಎತ್ತಲೇ ಇಲ್ಲ.

ಮರುದಿನ ಮಧ್ಯಾಹ್ನ, ಹೊರಡುವಾಗ ನನ್ನ ನಂಬರ್ ಇಸಿದುಕೊಂಡಿದ್ದ ಕೊಂಡಮ್ಮ ಫೋನ್ ಮಾಡಿದಳು, ತೆಲುಗಿನ ಜೊತೆ ಅವಳಿಗೆ ಬರುವಷ್ಟು ಕನ್ನಡ ಸೇರಿಸಿ. "ಅಕ್ಕಾ, ಲಾರಿ ಬಂತು. ಹಿಂದೂಪುರದಾಗೆ ಕರೆಂಟ್ ಇಲ್ಲ, ಅದಕ್ಕೇ ಲೋಡ್ ಇಲ್ಲಿಗೆ ಬಂದೈತೆ ಅಂದ ನಮ್ಮ ಮ್ಯಾನೇಜರು. ಹಿಂದಗಡೆ ಲೈನಿಂದ ಯಾವಳೋ ಮೆಲ್ಲಗೆ 'ಸಾಕು' ಅಂದ್ಲು ನೋಡು! ಒಬ್ಳು ನಕ್ಲು. ಆಮ್ಯಾಕೆ ಅವನು ಬಾಯಿ ತೆಗೆದ್ರೆ ಎಲ್ರೂ 'ಸಾಕು' ಅನ್ನೋದು, ಬಾಯಿ ತೆಗೆದ್ರೆ 'ಸಾಕು' ಅನ್ನೋದು. ಬಂಡಲ್ ಒಬ್ರೂ ಮುಟ್ಲಿಲ್ಲ. ಲಾರಿ ಹಂಗೇ ವಾಪಸ್ ಬತ್ತಾ ಐತೆ."

ನಾನು ಫೋನ್ ಹಿಡಿದುಕೊಂಡೇ ಅಳುತ್ತ ಕುಳಿತೆ. ಓಬುಳೇಶ್ ಮಾತ್ರ ಸಂಜೆಯ ಹೊತ್ತಿಗೆ ಕಂಡಕಂಡವರಿಗೆಲ್ಲ, "ಅದು ಎರಡರ್ಥ ಬರ್ಲಿ ಅಂತ ನಾನೇ ಹಾಕಿದ್ದ ಮಾತು," ಎಂದು ಹೇಳಿಕೊಂಡು ತಿರುಗುತ್ತಿದ್ದ. ಇವನ ಬಾಯಿಗಿಷ್ಟು ಮಣ್ಣು ಹಾಕ.

ಲಾರಿ ಮರಳಿದ ಮೇಲೆ ಕಂಪನಿಯವರೇ ಬನಶ್ರೀಯನ್ನು ಕರೆಸಿದರು. ಗೇಟಿನ ಹತ್ತಿರ ನಾವೆಲ್ಲ ಇದ್ದೆವು. ಮ್ಯಾನೇಜರ್ ಬಂದು ಕನ್ನಡ, ತೆಲುಗು ಎರಡನ್ನೂ ಕಲಸಿ, ಅವತ್ತು ಏನಾಯಿತೆಂದರೆ, ಟೋಕನ್ ರೂಲ್ಸು ನಾನು ಮಾಡಿದ್ದಲ್ಲ, ಸೂಪರ್‌ವೈಸರ್ ಹೊಸಬ, ಎಂದೆಲ್ಲ ಶುರು ಮಾಡಿದ.

"ಸಾಕು ಸಾರ್," ಎಂದಳು ಬನಶ್ರೀ.

ಮ್ಯಾನೇಜರ್ ಅವಳ ಮುಖವನ್ನೇ ನೋಡಿದ. ಯಾವ ಭಾಷೆಯಲ್ಲಿ ಅಂದಳೋ, ನಾನೂ ಕೇಳಲಿಲ್ಲ. ಅವಳು ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಟೋಕನ್ ಕೇಳದೆ, ಮೊದಲು ಬಾತ್‌ರೂಮಿಗೆ ಹೋಗಿ ಬಂದು ತನ್ನ ಮಿಷನ್ ಮುಂದೆ ಕುಳಿತಳು.