ನೆಲ ಒಣಗುವ ನಾಲ್ಕು ವಾರ

ಎರಡು ದಿನದ ತರಬೇತಿ ಮುಗಿಸಿ ಬಂದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಆಸ್ಪತ್ರೆಯ ಕಟ್ಟಡ ವಿಭಾಗದಲ್ಲಿ ಹನ್ನೊಂದು ವರ್ಷ ಬಾಗಿಲು, ನಲ್ಲಿ, ಸೋರುವ ಪೈಪು ಅಂತ ಓಡಾಡಿದವಳಿಗೆ ಮೊದಲ ಸಲ ಒಂದು ಇಡೀ ಕೆಲಸದ ಯೋಜನೆ ವಹಿಸಿದ್ದರು: ಡಯಾಲಿಸಿಸ್ ವಾರ್ಡನ್ನು ನೆಲಮಾಳಿಗೆಯಿಂದ ಎರಡನೇ ಮಹಡಿಗೆ ಸಾಗಿಸುವುದು. ಕೆಲಸವನ್ನು ತುಂಡು ಮಾಡು, ಯಾವುದಾದ ಮೇಲೆ ಯಾವುದು ಎಂದು ಜೋಡಿಸು, ಪ್ರತಿ ತುಂಡಿಗೂ ದಿನ ಹಾಕು, ಹೊಣೆ ಹೊರುವವರ ಹೆಸರು ಬರೆ. ತರಬೇತಿಯಲ್ಲಿ ಕಲಿಸಿದ್ದು ಇಷ್ಟೇ. ಇಷ್ಟಕ್ಕೇ ನನಗೆ ತಲೆ ತಿರುಗಿತ್ತು. ಮನೆಯಲ್ಲೂ ಪಾತ್ರೆ ತೊಳೆಯುವುದರ ಎದುರು ಗಂಡನ ಹೆಸರು ಬರೆದು ಅಂಟಿಸಿದೆ. "ಆಯ್ತು ಮಹಾತಾಯಿ" ಅಂತ ಅವರು ಕೈಮುಗಿದರು.

ಮೊದಲ ಸಭೆಗೆ ಪ್ಲಂಬರ್, ಎಲೆಕ್ಟ್ರಿಷಿಯನ್, ಪೇಂಟರ್, ಗಾರೆ ಮೇಸ್ತ್ರಿ ಎಲ್ಲರೂ ಬಂದಿದ್ದರು. ಗೋಡೆಯ ತುಂಬಾ ನನ್ನ ಚಾರ್ಟು. ಮೇಸ್ತ್ರಿ ಇಪ್ಪತ್ತೈದು ವರ್ಷದಿಂದ ಇಲ್ಲೇ ಇದ್ದವರು, ನಿವೃತ್ತಿಗೆ ಒಂದೂವರೆ ವರ್ಷ ಬಾಕಿ. ಮಾತು ಕಡಿಮೆ.

"ಮೇಡಂ, ನೆಲಕ್ಕೆ ಸಿಮೆಂಟ್ ಹಾಕಿದ್ಮೇಲೆ ನಾಲ್ಕು ವಾರ ಒಣಗಕ್ಕೆ ಬಿಡ್ಬೇಕು. ಆಮೇಲೇ ಹಾಳೆ ಅಂಟ್ಸೋದು" ಅಂದರು. ಆಸ್ಪತ್ರೆಗಳ ನೆಲಕ್ಕೆ ಹಾಸುತ್ತಾರಲ್ಲ, ರಬ್ಬರಿನಂಥ ಹಾಳೆ, ಅದರ ಮಾತು.

ನಾಲ್ಕು ವಾರ! ಮ್ಯಾನೇಜರ್‌ಗೆ ನಾನು ಕೊಟ್ಟಿದ್ದ ತಾರೀಕು ಮಣ್ಣುಪಾಲಾಗುತ್ತಿತ್ತು.

"ಒಣಗೋದು ಯಾರ ಕೆಲ್ಸ ಮೇಸ್ತ್ರೀ?"

"ಯಾರ್ದೂ ಅಲ್ಲ ಮೇಡಂ. ತಾನಾಗೇ ಒಣಗತ್ತೆ."

"ಮತ್ತೆ ಹೆಸರಿನ ಜಾಗದಲ್ಲಿ ಏನ್ ಬರೀಲಿ? ಗಾಳಿ ಅಂತ್ಲಾ? ಇಲ್ಲಾ ನೀವೇ ನಾಲ್ಕು ವಾರ ಪಕ್ಕದಲ್ಲಿ ಕೂತು ಊದ್ತೀರಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಪೇಂಟರ್ ಅಂತೂ ಮೇಜು ಕುಟ್ಟಿದ. ಮೇಸ್ತ್ರಿಯೂ ತಮ್ಮ ಕಾಲು ನೋಡಿಕೊಂಡು ಸ್ವಲ್ಪ ನಕ್ಕರು. ಒಣಗುವುದಕ್ಕೆ ನಾನು ಐದು ದಿನ ಬರೆದೆ.

ಹಾಳೆ ಅಂಟಿಸುವ ದಿನ ಬೆಳಿಗ್ಗೆ ಅವರು ಮತ್ತೆ ಬಂದರು. "ಇನ್ನೂ ಹಸಿ ಇದೆ ಮೇಡಂ." ನಾನು ತಲೆ ಕೂಡ ಎತ್ತಲಿಲ್ಲ. "ಚಾರ್ಟ್ ನೋಡಿ ಮೇಸ್ತ್ರಿ" ಅಂದೆ. ಇದನ್ನು ಬರೆಯುವಾಗಲೂ ಮೈಯೆಲ್ಲ ಹಿಡಿಯಾಗುತ್ತದೆ. ಥೂ ನನ್ನ ಜನ್ಮಕ್ಕಿಷ್ಟು!

ಮೂರು ವಾರದಲ್ಲಿ ಹಾಳೆ ಅಲ್ಲಲ್ಲಿ ಉಬ್ಬಿ, ಅಂಚು ಬಿಟ್ಟು, ಕೆಳಗಿನಿಂದ ಮುಗ್ಗಲು ವಾಸನೆ ಹೊಡೆಯತೊಡಗಿತು. ವಾರ್ಡ್ ತೆರೆಯುವುದು ಮುಂದಕ್ಕೆ ಹೋಯಿತು. ರೋಗಿಗಳು ಕಿಟಕಿಯೇ ಇಲ್ಲದ ನೆಲಮಾಳಿಗೆಯಲ್ಲೇ ಉಳಿದರು. ಮ್ಯಾನೇಜರ್ ಬಂದು ಉಬ್ಬಿದ ನೆಲವನ್ನು ಬೂಟಿನಿಂದ ಒತ್ತಿ ನೋಡಿದರು. ಆಮೇಲೆ ಚಾರ್ಟಿನ ಮೇಲೆ ಬೆರಳಿಟ್ಟರು.

"ನೆಲದ ಮುಂದೆ ಯಾರ ಹೆಸರಿದೆ? ಮೇಸ್ತ್ರೀದಾ? ಇವರನ್ನ ಇವತ್ತೇ ಮನೆಗೆ ಕಳಿಸಿ. ಬೇರೆಯವ್ರನ್ನ ಕರೆಸಿ."

ಮೇಸ್ತ್ರಿ ನನ್ನ ಕಡೆ ನೋಡಿದರು. ಕೇಳುವ ಹಾಗಲ್ಲ, ಸುಮ್ಮನೆ. ಊರಿಗೆಲ್ಲ ಬುದ್ಧಿ ಹೇಳುವ ನನ್ನ ಬಾಯಿಗೆ ಬೀಗ ಬಿದ್ದಿತ್ತು. ಅವರು ಕರಣೆ, ಮಟ್ಟಗೋಲು ಎಲ್ಲ ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದು ಹೋದರು. ಇನ್ನು ಒಂದೂವರೆ ವರ್ಷ ಇದ್ದಿದ್ದರೆ ಅವರಿಗೆ ಪೂರ್ತಿ ಪಿಂಚಣಿ ಸಿಗುತ್ತಿತ್ತು. ಅದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ರೂಮಿಗೆ ಹೋಗಿ, ಬಾಗಿಲು ಹಾಕಿ, ಎಲ್ಲ ಒಪ್ಪಿಕೊಂಡೆ. "ನಿನ್ನೆ ಬಾಯಲ್ಲೇನು ಕಡುಬು ಇತ್ತಾ?" ಅಂತ ಚೆನ್ನಾಗಿ ಉಗಿದು, ಮೇಸ್ತ್ರಿಯನ್ನು ವಾಪಸ್ ಕರೆಸಲು ಒಪ್ಪಿದರು. ಬೈಗುಳ ತಿಂದದ್ದೇ ಮನಸ್ಸು ಹಗುರವಾಯಿತು. ಬದುಕಿದೆ ಅಂದುಕೊಂಡು ನೇರ ಮೇಸ್ತ್ರಿ ಮನೆಗೆ ಹೋದೆ.

ಅವರ ಹೆಂಡತಿ ನೀರು ತಂದುಕೊಟ್ಟರು. ನಾನು ಒಂದೇ ಉಸಿರಿಗೆ ಹೇಳಿದೆ: "ಎಲ್ಲಾ ಹೇಳ್ಬಿಟ್ಟಿದೀನಿ ಮೇಸ್ತ್ರಿ, ತಪ್ಪು ನಂದೇ ಅಂತ. ನಾಳೆಯಿಂದ ಬನ್ನಿ."

"ಎಲ್ಲಿ ಹೇಳಿದ್ರಿ?"

"ಮ್ಯಾನೇಜರ್ ರೂಮಲ್ಲಿ."

"ಬಾಗ್ಲು ಹಾಕ್ಕೊಂಡು?"

ನಾನು ಲೋಟ ಕೆಳಗಿಟ್ಟೆ.

"ನಕ್ಕಿದ್ದು ಎಲ್ಲರ ಮುಂದೆ ಅಲ್ವಾ ಮೇಡಂ" ಅಂದರು. ಸಿಟ್ಟಿನಿಂದ ಅಂದಿದ್ದರೆ ನಾನೂ ಏರುದನಿಯಲ್ಲಿ ಏನಾದರೂ ಅನ್ನುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಅವರು ಮೆಲ್ಲಗೆ ಅಂದರು.

ಸೋಮವಾರದ ಸಭೆಗೆ ಮೇಸ್ತ್ರಿಯೂ ಬಂದಿದ್ದರು. ಎಲ್ಲರ ಮುಂದೆ ಎದ್ದು ನಿಂತೆ. "ಮೇಸ್ತ್ರಿ ನಾಲ್ಕು ವಾರ ಕೇಳಿದ್ರು. ನಾನು ಕೊಡ್ಲಿಲ್ಲ, ತಮಾಷೆ ಮಾಡ್ದೆ. ಹಸಿ ಇದೆ ಅಂತ ಬಂದ್ರೂ ಕೇಳ್ಲಿಲ್ಲ. ಅವರನ್ನ ಕಳಿಸಿದಾಗ್ಲೂ ಬಾಯಿ ಬಿಡ್ಲಿಲ್ಲ" ಅಂದೆ. ಯಾರೂ ನಗಲಿಲ್ಲ. ಪೇಂಟರ್ ಮೊಬೈಲ್ ನೋಡುತ್ತ ಕೂತ.

ಮೇಸ್ತ್ರಿ ಮಾತ್ರ ಕೊನೆಯವರೆಗೂ ಕೇಳಿ, ಎದ್ದು ನಿಂತರು. "ಹಾಳೆ ಕೀಳಕ್ಕೆ ಎರಡು ದಿನ ಆಗತ್ತೆ" ಅಂದರು. ನನ್ನ ಮುಖವನ್ನೇ ನೋಡುತ್ತ, "ಆಮೇಲೆ ಒಣಗಕ್ಕೆ ನಾಲ್ಕು ವಾರ... ಕೇಳ್ಬಹುದಾ ಮೇಡಂ?" ಅಂದರು.

ಇಪ್ಪತ್ತೈದು ವರ್ಷ ನೆಲ ಹಾಕಿದ ಮನುಷ್ಯ ಕೈಕಟ್ಟಿ ನಿಂತು ನನ್ನ ಅಪ್ಪಣೆ ಕೇಳುತ್ತಿದ್ದರು. ಅವರನ್ನು ಹಾಗೆ ಮಾಡಿದವಳು ನಾನೇ.